ಮೂರನೆಯ ಮೋಟಾರು

ಹುಮನಾಬಾದ್
11 ಆಗಸ್ಟ್ 2024

ಮಹಾರುದ್ರಪ್ಪಣ್ಣನವರಿಗೆ ಸೂರ್ಯಕಾಂತನ ನಮಸ್ಕಾರ.

ಅಕ್ಷರ ನೋಡಿದ ಕೂಡಲೇ ಇದು ಯಾರ ಕಾಗದವೆಂದು ನಿಮಗೆ ತಿಳಿದಿರುತ್ತದೆ. ಹರಿದು ಎಸೆಯದೆ ಇಲ್ಲಿಯವರೆಗೆ ಬಂದಿದ್ದರೆ ಉಳಿದದ್ದನ್ನೂ ಓದಿ. ನಿಮಗೆ ಈಗ ಫೋನಿನಲ್ಲಿ ಏನೂ ಕೇಳಿಸುವುದಿಲ್ಲವೆಂದು ಬಸವಕಲ್ಯಾಣದ ಗಿರಾಕಿಯೊಬ್ಬರು ಹೇಳಿದರು. ಅದಕ್ಕಾಗಿ ಬರೆಯುತ್ತಿದ್ದೇನೆ.

ನನ್ನ ಮಗಳು ಶೀತಲ ನಿಮಗೆ ನೆನಪಿರಬೇಕು. ಶಾಲೆ ಬಿಟ್ಟ ಕೂಡಲೇ ನಮ್ಮ ಅಂಗಡಿಗೆ ಬಂದು ತಾಮ್ರದ ತಂತಿಯ ತುಣುಕುಗಳಲ್ಲಿ ಬಳೆ ಮಾಡಿಕೊಂಡು ಕೂಡುತ್ತಿದ್ದವಳು. ಈಗ ನಿಮ್ಮೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ದಿನಾಲು ಇಲ್ಲಿಂದಲೇ ಹೋಗಿ ಬರುತ್ತಾಳೆ. ಪಾಳಿ ಮುಗಿಯುವ ಹೊತ್ತಿಗೆ ಬಸ್ಸು ಸಿಗುವುದು ಕಷ್ಟವೆಂದು ಎರಡು ವರ್ಷದ ಹಿಂದೆ ಎಲೆಕ್ಟ್ರಿಕ್ ಕಾರು ತೆಗೆದುಕೊಂಡೆವು.

ಆ ಕಾರಿನ ಮೋಟಾರಿನಿಂದ ಮೂರು ತಿಂಗಳಿಂದ ಒಂದು ಸದ್ದು ಬರುತ್ತಿದೆ. ಇಪ್ಪತ್ತರ ವೇಗದಲ್ಲಿ ಶುರುವಾಗುತ್ತದೆ, ನಲವತ್ತಕ್ಕೆ ಜೋರಾಗುತ್ತದೆ, ಆಮೇಲೆ ಗಾಳಿಯ ಸದ್ದಿನಲ್ಲಿ ಅಡಗಿಹೋಗುತ್ತದೆ. ಮೂರು ಓಣಿ ಆಚೆಯ ಗಿರಣಿಯಲ್ಲಿ ಜೋಳ ಬೀಸಿದ ಹಾಗೆ. ಶೀತಲಳಿಗೆ ಕೇಳಿಸುವುದಿಲ್ಲ. ಇಲ್ಲಿಯ ಸರ್ವಿಸ್ ಸೆಂಟರಿನವರಿಗೂ ಕೇಳಿಸುವುದಿಲ್ಲ. ಅಲ್ಲಿ ಗಾಡಿ ತೆಗೆದುಕೊಳ್ಳುವ ಅವಿನಾಶ ಎಂಬಾತ ಕಂಪ್ಯೂಟರಿಗೆ ಜೋಡಿಸಿ ನೋಡಿ, “ಏನೂ ದೋಷ ತೋರ್ಸಾಕತ್ತಿಲ್ರಿ ಕಾಕಾ, ಗಾಡಿ ಬರೋಬ್ಬರಿ ಅದ” ಎಂದ. ಮೋಟಾರಿಗೆ ಎಂಟು ವರ್ಷದ ವಾರಂಟಿ ಇದೆ. ಆದರೆ ದೋಷವೇ ಇಲ್ಲ ಎನ್ನುವವರ ಮುಂದೆ ವಾರಂಟಿ ಕಾಗದ ಹಿಡಿದು ಏನು ಮಾಡುವುದು?

ಈ ಮೋಟಾರನ್ನು ನಾನು ಬಿಚ್ಚುವಂತಿಲ್ಲ. ಬಿಚ್ಚಿದರೆ ವಾರಂಟಿ ಹೋಗುತ್ತದೆ, ಜೀವವೂ ಹೋಗಬಹುದು, ಅಷ್ಟು ಕರೆಂಟು ಇದೆ ಅದರಲ್ಲಿ. ಬಿಚ್ಚದೆ ಒಳಗಿನದನ್ನು ಹೇಳುವವರನ್ನು ನನ್ನ ಜೀವಮಾನದಲ್ಲಿ ಕಂಡದ್ದು ಒಬ್ಬರನ್ನೇ. ಇಪ್ಪತ್ತನಾಲ್ಕು ವರ್ಷ ಒಂದೇ ಅಂಗಡಿಯಲ್ಲಿ ಅವರ ಪಕ್ಕದಲ್ಲಿ ಕೂತು ಪಂಪಿನ ಮೋಟಾರಿಗೆ ತಂತಿ ಸುತ್ತಿದ್ದೇನೆ. ಅದಕ್ಕಾಗಿ ಕೇಳುತ್ತಿದ್ದೇನೆ.

ನಿಮ್ಮ ಮನೆಯಲ್ಲಿ ಕಸ್ತೂರಿಬಾಯಿ ವೈನಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ
ಸೂರ್ಯಕಾಂತ


ಬಸವಕಲ್ಯಾಣ
29 ಆಗಸ್ಟ್ 2024

ಸೂರ್ಯಕಾಂತನಿಗೆ ಶರಣು.

ಕಾಗದ ಮುಟ್ಟಿತು. ಹರಿದಿಲ್ಲ. ನನಗಿಂತ ಮೊದಲು ಕಸ್ತೂರಿಬಾಯಿ ಓದಿದಳು.

ಕೇಳುವುದು ಇಷ್ಟೇ. ಸದ್ದು ವೇಗದ ಜೊತೆ ಏರುತ್ತದೋ, ಏರು ಹತ್ತುವಾಗ ಮಾತ್ರ ಏರುತ್ತದೋ? ಎಡಕ್ಕೆ ಬಲಕ್ಕೆ ಹೊರಳಿಸಿದಾಗ ಬದಲಾಗುತ್ತದೋ? ಸದ್ದು ಶುರುವಾಗುವ ಮುಂಚೆ ಗಾಡಿಗೆ ಏನಾದರೂ ಕೆಲಸ ಮಾಡಿಸಿದ್ದೆಯೋ?

ನಾನು ಮೋಟಾರಿನ ಕೆಲಸ ಬಿಟ್ಟು ಏಳು ವರ್ಷವಾಯಿತು. ಅಳಿಯನ ಕಿರಾಣಿ ಅಂಗಡಿಯಲ್ಲಿ ತೊಗರಿಬೇಳೆ ತೂಗುತ್ತೇನೆ. ನನ್ನ ಮಾತು ನಂಬಿ ಏನೂ ಮಾಡಬೇಡ.

ಶೀತಲ ನೆನಪಿದ್ದಾಳೆ.

ಮಹಾರುದ್ರಪ್ಪ


ಹುಮನಾಬಾದ್
8 ಸೆಪ್ಟೆಂಬರ್ 2024

ಮಹಾರುದ್ರಪ್ಪಣ್ಣನವರಿಗೆ ನಮಸ್ಕಾರ.

ನಿಮ್ಮ ಕಾಗದ ಬಂದ ದಿನ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಎಲ್ಲರೂ ಹೋದ ಮೇಲೆ ಒಡೆದೆ. ಇನ್ನು ಮುಂದೆ ಶೀತಲಳ ಕೈಯಲ್ಲೇ ಕಾಗದ ಕಳಿಸುತ್ತೇನೆ. ಆಸ್ಪತ್ರೆಯಿಂದ ನಿಮ್ಮ ಅಂಗಡಿ ದೂರವೇನಲ್ಲವಂತೆ.

ನೀವು ಕೇಳಿದ್ದಕ್ಕೆ ಉತ್ತರ. ಸದ್ದು ವೇಗದ ಜೊತೆಗೇ ಏರುತ್ತದೆ. ಹೊರಳಿಸಿದರೆ ಬದಲಾಗುವುದಿಲ್ಲ. ಕೆಲಸ ಮಾಡಿಸಿದ್ದು ಒಂದೇ. ಫೆಬ್ರವರಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಿಂದಕ್ಕೆ ಸರಿಯುತ್ತ ಬಂದು ಮುಂದಿನ ಎಡಭಾಗಕ್ಕೆ ತಗುಲಿತ್ತು. ಇದೇ ಸರ್ವಿಸ್ ಸೆಂಟರಿನಲ್ಲಿ ತಗಡು ನೇರ ಮಾಡಿ ಬಣ್ಣ ಹೊಡೆದುಕೊಟ್ಟರು.

ಮೊನ್ನೆ ಮತ್ತೆ ಹೋಗಿದ್ದೆ. ಅವಿನಾಶನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಬೈಪಾಸಿನವರೆಗೆ ಓಡಿಸಿದೆ. “ಈಗ ಬಂತು, ಕೇಳ್ಸ್ತೇನು?” ಎಂದರೆ, “ಇಲ್ರಿ” ಎಂದ. ವಾಪಸು ಬಂದ ಮೇಲೆ ಕೌಂಟರಿನಲ್ಲಿ ಐದಾರು ಮಂದಿ ಕೂತಿದ್ದರು. ಅವರ ಎದುರಿಗೇ ಅಂದ: “ಕಾಕಾ, ಸಿಟ್ಟಾಗಬ್ಯಾಡ್ರಿ. ನಿಮ್ಮ ವಯಸ್ಸಿಗೆ ಕಿವ್ಯಾಗ ಏನರ ಗುಂಯ್ ಅಂತಿರ್ತದ. ಒಮ್ಮೆ ಡಾಕ್ಟರಿಗೆ ತೋರಿಸ್ರಿ. ಗಾಡಿಗಿಂತ ಕಿವಿ ರಿಪೇರಿ ಸಸ್ತಾ ಆಗ್ತದ.”

ಎಲ್ಲರೂ ನಕ್ಕರು. ಕೆಟ್ಟ ನಗು ಅಲ್ಲ, ಸುಮ್ಮನೆ ನಕ್ಕರು. ನಾನು ಹೊರಗೆ ಬಂದು ಗೋಡೆಯ ನೆರಳಿನಲ್ಲಿ ನಿಂತೆ. ಆಗ ಏನು ನೆನಪಾಯಿತೆಂದು ಇಲ್ಲಿ ಬರೆಯುವುದಿಲ್ಲ.

ಶೀತಲ ನನ್ನನ್ನು ಬೀದರಿಗೆ ಕರೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿದಳು. ಬಲಗಿವಿ ಸ್ವಲ್ಪ ಮಂದವಾಗಿದೆಯಂತೆ. ಅರವತ್ತರ ಹತ್ತಿರ ಬಂದವರಿಗೆ ಸಹಜ ಎಂದರು. ಬರುವಾಗ ಕಾರಿನಲ್ಲಿ ನಾನು ಕಿವಿಗೊಟ್ಟು ಕೂತಿದ್ದೆ. ಸದ್ದು ಬರುತ್ತಲೇ ಇತ್ತು. ಅಥವಾ ನನಗೆ ಹಾಗೆ ಅನಿಸಿತು. ಈಗ ನನಗೇ ಗೊತ್ತಾಗುತ್ತಿಲ್ಲ, ಅಣ್ಣ.

ನಿಮ್ಮ
ಸೂರ್ಯಕಾಂತ


ಬಸವಕಲ್ಯಾಣ
21 ಸೆಪ್ಟೆಂಬರ್ 2024

ಸೂರ್ಯಕಾಂತನಿಗೆ ಶರಣು.

ಸದ್ದು ಇದೆ.

ಶೀತಲ ಕಾಗದ ಕೊಡಲು ಬಂದಿದ್ದಳು. ಎತ್ತರವಾಗಿದ್ದಾಳೆ. ನನ್ನ ಜೊತೆ ಮಾತಾಡಲು ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬೇಳೆಯ ಪೊಟ್ಟಣ ಕಟ್ಟುವ ಹಾಳೆಯ ಮೇಲೆ “ದೊಡ್ಡಪ್ಪ, ಕಾರು ಹೊರಗದ. ಕೂಡ್ತೀರೇನು?” ಎಂದು ಬರೆದಳು. ಕೂತೆ.

ಕೋಟೆಯ ಹಿಂದಿನ ರಸ್ತೆ ಈಗ ನುಣುಪಾಗಿದೆ. ಅಲ್ಲಿ ಓಡಿಸು ಎಂದೆ. ಚಪ್ಪಲಿ ಬಿಟ್ಟು ಅಂಗಾಲು ಗಾಡಿಯ ನೆಲಕ್ಕೆ ಊರಿ, ಬಗ್ಗಿ ಅಂಗೈಯನ್ನೂ ನೆಲಕ್ಕೆ ಇಟ್ಟೆ. ಇಪ್ಪತ್ತೆರಡರ ವೇಗಕ್ಕೆ ಬಂತು. ಇರುವೆ ಹರಿದ ಹಾಗೆ ಸಣ್ಣಗೆ, ಆಮೇಲೆ ಮರಳಿನ ಮೇಲೆ ಕೈ ಎಳೆದ ಹಾಗೆ. ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕು ಎಂದೆ. ಹಾಕಿದಳು. ಆಗಲೂ ನಿಲ್ಲಲಿಲ್ಲ, ವೇಗ ಇಳಿದಂತೆ ಇಳಿಯಿತು. ಎಳೆತ ಇಲ್ಲದಾಗಲೂ ಬರುತ್ತದೆಂದರೆ ಹಲ್ಲಿನ ಚಕ್ರದ ದೋಷ ಅಲ್ಲ. ಹೊರಳಿಸಿದರೂ ಬದಲಾಗದು ಎಂದರೆ ಗಾಲಿಯ ಬೇರಿಂಗ್ ಅಲ್ಲ. ಮೋಟಾರಿನ ಒಳಗಿನ ಬೇರಿಂಗ್ ಇರಬೇಕು.

ಆಮೇಲೆ ಆಸ್ಪತ್ರೆಗೆ ಹೋಗಿ, ಅವಳ ಜೊತೆಯ ನರ್ಸೊಬ್ಬಳನ್ನು ಓಡಿಸಲು ಹಚ್ಚಿ, ಶೀತಲಳ ಕೈಯನ್ನೂ ಅಲ್ಲಿ ಇಡಿಸಿದೆ. ಅವಳಿಗೂ ತಿಳಿಯಿತು. ಅವಳ ಮುಖ ನೋಡಿದೆ. ನಿನ್ನ ಮಾತು ನಂಬದೆ ಇದ್ದದ್ದಕ್ಕೆ ಬೇಜಾರು ಮಾಡಿಕೊಂಡಂತಿತ್ತು.

ಸರ್ವಿಸ್ ಸೆಂಟರಿನಲ್ಲಿ ಬಾಯಿಮಾತು ಬೇಡ. ದೂರನ್ನು ಜಾಬ್ ಕಾರ್ಡಿನಲ್ಲಿ ಬರೆಸು, ಪ್ರತಿ ಇಸಿದುಕೋ. ಅವಿನಾಶನಿಗೆ ಕಿವಿ ಕೊಡು ಎನ್ನಬೇಡ, ಅಂಗೈ ಇಡು ಎನ್ನು.

ಆದರೂ ಒಂದು ಮಾತು. ಕೆಟ್ಟ ಬೇರಿಂಗನ್ನು ಒಳ್ಳೆಯದೆಂದು ಪಾಸು ಮಾಡಿದ ಕೈ ಇದು. ಇದನ್ನೇ ಕೊನೆಯ ಮಾತೆಂದು ತಿಳಿಯಬೇಡ.

ಮಹಾರುದ್ರಪ್ಪ


ಹುಮನಾಬಾದ್
13 ಅಕ್ಟೋಬರ್ 2024

ಮಹಾರುದ್ರಪ್ಪಣ್ಣನವರಿಗೆ ನಮಸ್ಕಾರ.

ದಸರೆಯ ಬನ್ನಿ ಶೀತಲಳ ಕೈಯಲ್ಲಿ ಕಳಿಸಿದ್ದೇನೆ. ಬಂಗಾರದಂಗ ಇರೋಣ.

ಮೋಟಾರು ಬದಲಾಯಿತು. ನೀವು ಹೇಳಿದ ಹಾಗೆಯೇ ಮಾಡಿದೆ. ಬರೆಸಿದೆ, ಪ್ರತಿ ಇಸಿದುಕೊಂಡೆ. ಅವಿನಾಶನನ್ನು ಕೂಡಿಸಿ ಅಂಗೈ ಇಡಲು ಹೇಳಿದಾಗ ಅವನು ಮೊದಲು ನಕ್ಕ. ಬೈಪಾಸು ದಾಟುವ ಹೊತ್ತಿಗೆ ನಗು ನಿಂತಿತ್ತು. ಕೈ ತೆಗೆದ, ಮತ್ತೆ ಇಟ್ಟ. “ಹೌದ್ರಿ ಕಾಕಾ, ಏನೋ ಅದ” ಎಂದ. ಒಳ್ಳೆಯವನೇ ಅವನು. ತಪ್ಪು ಗೊತ್ತಾದ ಮೇಲೆ ಹಟ ಮಾಡಲಿಲ್ಲ. ತಾನೇ ಕಂಪನಿಗೆ ಬರೆದ. ಹದಿನೈದು ದಿನಕ್ಕೆ ಹೊಸ ಮೋಟಾರು ಪೆಟ್ಟಿಗೆಯಲ್ಲಿ ಬಂತು. ಪೂರ್ತಿ ವಾರಂಟಿಯಲ್ಲಿ.

ಹೊಸದು ಕೂಡಿಸಿದ ದಿನ ನಾನೂ ಶೀತಲಳೂ ಘಾಟಬೋರಾಳದವರೆಗೆ ಹೋಗಿ ಬಂದೆವು. ಅಲ್ಲಿ ನಮ್ಮ ಅಣ್ಣತಮ್ಮಂದಿರ ಕುರಿಹಿಂಡು ರಸ್ತೆಗೆ ಅಡ್ಡ ಬಂದಿತ್ತು. ಗಾಡಿ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಕುರಿಗಳು ತಿರುಗಿ ಸಹ ನೋಡಲಿಲ್ಲ.

ನಿಮ್ಮ ಹಿಂದಿನ ಕಾಗದದ ಕೊನೆಯ ಸಾಲನ್ನು ಬಹಳ ಸಲ ಓದಿದೆ. ಅದರ ಬಗ್ಗೆ ನಿಮಗೆ ಹೇಳಬೇಕಾದ ಮಾತೊಂದಿದೆ. ಈ ಕಾಗದದಲ್ಲಿ ಹೇಳಬೇಕೆಂದೇ ಕೂತೆ. ಆಗಲಿಲ್ಲ.

ನಿಮ್ಮ
ಸೂರ್ಯಕಾಂತ


ಹುಮನಾಬಾದ್
24 ನವೆಂಬರ್ 2024

ಮಹಾರುದ್ರಪ್ಪಣ್ಣನವರಿಗೆ,

ಸದ್ದು ಮತ್ತೆ ಬಂದಿದೆ. ಬಂದಿದೆ ಅಷ್ಟೇ ಅಲ್ಲ, ಕಳೆದ ಮಂಗಳವಾರ ಶೀತಲ ಆಸ್ಪತ್ರೆಗೆ ಹೋಗುವಾಗ ರಾಜೇಶ್ವರದ ಹತ್ತಿರ ಹೆದ್ದಾರಿಯಲ್ಲಿ ಕೆಂಪು ದೀಪ ಹತ್ತಿ ಗಾಡಿಯ ಬಲವೇ ಹೋಯಿತು. ಹಿಂದೆ ಸಿಮೆಂಟಿನ ಲಾರಿ ಇತ್ತು. ಲಾರಿಯವನು ಹುಷಾರಿದ್ದ, ಪಕ್ಕಕ್ಕೆ ಎಳೆದುಕೊಂಡು ಹೋದ. ಅವಳು ಗಾಡಿಯನ್ನು ಹೇಗೋ ಬದಿಗೆ ತಂದು ನಿಲ್ಲಿಸಿದ್ದಾಳೆ. ನಾನು ಹೋಗುವಷ್ಟರಲ್ಲಿ ಜಾಲಿ ಮರದ ಕೆಳಗೆ ಕೂತು ಆಸ್ಪತ್ರೆಗೆ ಫೋನು ಮಾಡಿ ತನ್ನ ಪಾಳಿ ಬೇರೆಯವರಿಗೆ ಒಪ್ಪಿಸುತ್ತಿದ್ದಳು.

ಗಾಡಿ ಈಗ ಸರ್ವಿಸ್ ಸೆಂಟರಿನಲ್ಲಿದೆ. ಒಂದೂವರೆ ತಿಂಗಳಿಗೆ ಎರಡನೇ ಮೋಟಾರು ಕೆಟ್ಟದ್ದಕ್ಕೆ ಕಂಪನಿಯವರಿಗೆ ಅನುಮಾನ. ನೀರಿನಲ್ಲಿ ಇಳಿಸಿರಬೇಕು, ಅಥವಾ ಹೊರಗೆ ಯಾರೋ ಕೈ ಹಾಕಿರಬೇಕು, ಹಾಗಿದ್ದರೆ ವಾರಂಟಿ ಇಲ್ಲ ಎನ್ನುತ್ತಿದ್ದಾರೆ. ನಾನು ಮೋಟಾರಿನ ಮೆಕ್ಯಾನಿಕ್ ಎಂದು ಅವರಿಗೆ ಗೊತ್ತಾಗಿದೆ. ಅದೇ ಅನುಮಾನಕ್ಕೆ ಕಾರಣ.

ಆ ಮರದ ಕೆಳಗೆ ನಿಂತಾಗ ತೀರ್ಮಾನ ಮಾಡಿದೆ. ಇನ್ನು ಮುಂದಕ್ಕೆ ಹಾಕಬಾರದು.

2017ರ ಜೂನ್. ಕೊಹಿನೂರದ ರೈತ ಬಸವಕುಮಾರ ತನ್ನ ಪಂಪಿನ ಸುಟ್ಟ ಮೋಟಾರನ್ನು ತಂದು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಇಟ್ಟ. ವಾರದ ಹಿಂದಷ್ಟೇ ನಾನು ಅದಕ್ಕೆ ತಂತಿ ಸುತ್ತಿದ್ದೆ, ನೀವು ಬೇರಿಂಗ್ ನೋಡಿ ಪಾಸು ಮಾಡಿದ್ದಿರಿ. ಏಳೆಂಟು ಮಂದಿ ಕೂಡಿದ್ದರು. ಬಸವಕುಮಾರ ಕೂಗಾಡುತ್ತಿದ್ದ. ಆಗ ನಾನು ಅಂದೆ: “ಕಿವುಡಗ ಬೇರಿಂಗ್ ನೋಡಾಕ ಹಚ್ಚಿದ್ದು ನನ್ನ ತಪ್ಪು.” ಆಗ ನಿಮಗೆ ಕಿವಿ ಅಷ್ಟು ಹೋಗಿರಲಿಲ್ಲ. ಕೇಳಿಸಿತು. ನೀವು ಕೈ ತೊಳೆದುಕೊಂಡು, ಚೀಲ ತೆಗೆದುಕೊಂಡು, ಬಸ್ ಸ್ಟ್ಯಾಂಡಿನ ಕಡೆ ಹೋದಿರಿ.

ಮರುದಿನ ಮುಂಜಾನೆ ನಾನು ಆ ಮೋಟಾರು ಬಿಚ್ಚಿದೆ. ಬೇರಿಂಗ್ ಬೆಣ್ಣೆಯ ಹಾಗೆ ತಿರುಗುತ್ತಿತ್ತು. ಸುಟ್ಟದ್ದು ನನ್ನ ಸುತ್ತಿನಲ್ಲಿ. ತಂತಿ ಕೂಡಿಸುವ ಸಂದಿಗಳಲ್ಲಿ, ಕರೆಂಟು ಕಬ್ಬಿಣಕ್ಕೆ ತಗುಲದಿರಲೆಂದು ಮೊದಲು ಕಾಗದ ಹಾಸುತ್ತೇವಲ್ಲ, ಒಂದು ಸಂದಿಯಲ್ಲಿ ಹಾಸಲು ಮರೆತಿದ್ದೆ. ಬೆಂಕಿ ಅಲ್ಲಿಂದಲೇ ಎದ್ದಿತ್ತು. ಸುಟ್ಟ ತಂತಿ ಕಿತ್ತು ಗುಜರಿಗೆ ಹಾಕಿದೆ. ಹೊಸದಾಗಿ ಸುತ್ತಿ ಬಸವಕುಮಾರನಿಗೆ ಕೊಟ್ಟೆ. “ಬೇರಿಂಗ್ ಬದಲಿ ಮಾಡೀನಿ” ಎಂದೆ. ಅವನು ಅದನ್ನೇ ಊರೆಲ್ಲ ಹೇಳಿದ.

ಇವತ್ತು ಬರಬೇಕು, ನಾಳೆ ಬರಬೇಕು ಎಂದುಕೊಂಡೆ. ಅಂಗಡಿಯಲ್ಲಿ ನಿಮ್ಮ ಪಾಲಿನ ಹಣವನ್ನು ಮನಿಯಾರ್ಡರ್ ಮಾಡಿದೆ, ನಾನು ಬರಲಿಲ್ಲ. ಏಳು ವರ್ಷ ಹೀಗೆಯೇ ಹೋಯಿತು.

ನಿಮ್ಮ ಕೈ ಕೆಟ್ಟ ಬೇರಿಂಗನ್ನು ಯಾವತ್ತೂ ಪಾಸು ಮಾಡಿಲ್ಲ.

ಸೂರ್ಯಕಾಂತ


ಹುಮನಾಬಾದ್
9 ಡಿಸೆಂಬರ್ 2024

ಮಹಾರುದ್ರಪ್ಪಣ್ಣನವರಿಗೆ,

ಕಾಗದ ನಿಮ್ಮ ಕೈಯಲ್ಲೇ ಕೊಟ್ಟೆನೆಂದು ಶೀತಲ ಹೇಳುತ್ತಾಳೆ. ಅದರಲ್ಲಿ ಏನಿತ್ತೆಂದು ಅವಳಿಗೂ ಹೇಳಿದ್ದೇನೆ. ಮೂರನೆಯ ದಿನ, “ಅಪ್ಪಾ, ಇದು ನೀ ಮೊದಲೇ ಹೇಳಬೇಕಿತ್ತು” ಎಂದಳು. ಅಷ್ಟೇ.

ಉತ್ತರ ಕೇಳಲು ಬರೆದದ್ದಲ್ಲ ಇದು. ಅವಳು ಈಗ ಬಸ್ಸಿನಲ್ಲಿ ಬರುತ್ತಿದ್ದಾಳೆ, ಹೆದ್ದಾರಿಯ ಸಸ್ತಾಪುರ ಬಂಗ್ಲಾ ಸ್ಟಾಪಿನಲ್ಲಿ ಇಳಿದು ಆಟೋ ಹಿಡಿಯುತ್ತಾಳೆ. ನಿಮ್ಮ ಅಂಗಡಿಯ ಮುಂದೆ ಹಾದುಹೋಗುವಾಗ ನನ್ನ ಮೇಲಿನ ಸಿಟ್ಟಿಗೆ ಅವಳಿಂದ ಮುಖ ತಿರುಗಿಸಬೇಡಿ. ಅಷ್ಟು ಕೇಳಿಕೊಳ್ಳುತ್ತೇನೆ.

ಸೂರ್ಯಕಾಂತ


ಬಸವಕಲ್ಯಾಣ
16 ಡಿಸೆಂಬರ್ 2024

ಸೂರ್ಯಕಾಂತನಿಗೆ,

ಕಾಗದ ಓದಿ ಇಪ್ಪತ್ತು ದಿನ ಸುಮ್ಮನಿದ್ದೆ. ಒಲೆಗೆ ಹಾಕಿ ಎಂದು ಕಸ್ತೂರಿಬಾಯಿ ಅಂದಳು. ಅವಳು ಇಷ್ಟು ಸಿಟ್ಟಾದದ್ದನ್ನು ನಾನು ನೋಡಿರಲಿಲ್ಲ.

ಏಳು ವರ್ಷದಲ್ಲಿ ಮನೆಯ ಮಿಕ್ಸರ್ ಕೆಟ್ಟರೂ ನಾನು ಮುಟ್ಟಿಲ್ಲ. ಫ್ಯಾನು ಕಿರಗುಟ್ಟಿದರೆ ಬೇರೆಯವರನ್ನು ಕರೆದೆ. “ನೀವೇ ನೋಡ್ರಲ್ಲ” ಎಂದು ಅವಳು ಅಂದಾಗಲೆಲ್ಲ ಅವಳನ್ನು ಬೈದೆ. ನನ್ನ ಮೈಯ ಇನ್ನೊಂದು ಭಾಗವೂ ಸುಳ್ಳು ಹೇಳತೊಡಗಿದೆ ಎಂದು ನಂಬಿದ್ದೆ. ಕಿವಿ ಹೋದದ್ದು ಶಿವ ಮಾಡಿದ್ದು. ಅದನ್ನು ಒಪ್ಪಿಕೊಂಡೆ. ಕೈ ಹೋದದ್ದು ನೀನು ಮಾಡಿದ್ದು.

ಅವತ್ತು ಅಂದ ಮಾತಿಗೆ ನನಗೆ ಅಷ್ಟು ದುಃಖವಿಲ್ಲ. ಸಿಟ್ಟಿನಲ್ಲಿ ಯಾರು ಏನು ಅನ್ನುವುದಿಲ್ಲ? ಮರುದಿನ ಮುಂಜಾನೆ ಬಿಚ್ಚಿ ನೋಡಿದೆಯಲ್ಲ, ನೋಡಿಯೂ ಸುಮ್ಮನಿದ್ದೆಯಲ್ಲ, ಅದಕ್ಕೆ ಏನು ಹೇಳಬೇಕೋ ನನಗೆ ತಿಳಿಯದು. ಇದಕ್ಕೆ ಉತ್ತರ ಬರೆಯಬೇಡ.

ಇನ್ನು ಕಾರಿನ ಮಾತು. ಇದು ಬೇರೆ. ಆ ಗಾಡಿಯಲ್ಲಿ ಶೀತಲ ಕೂಡುತ್ತಾಳೆ.

ಸಕ್ಕರೆ ಕಾರ್ಖಾನೆಯೊಂದರಲ್ಲಿ ಮೋಟಾರುಗಳ ವೇಗ ಏರಿಸಿ ಇಳಿಸುವ ಪೆಟ್ಟಿಗೆಗಳನ್ನು ಕೂಡಿಸಿದ ವರ್ಷ ನಿನಗೆ ನೆನಪಿರಬೇಕು. ಹೊಸ ಬೇರಿಂಗ್ ಹಾಕಿದರೂ ತಿಂಗಳೊಪ್ಪತ್ತಿಗೆ ಗರಗರ. ಬಿಚ್ಚಿದರೆ ಒಳಗಿನ ಬಳೆಯ ಮೇಲೆ ಕೂರಿಗೆಯಲ್ಲಿ ಬಿತ್ತಿದ ಹಾಗೆ ಒಂದೇ ಸಮ ಗೆರೆಗಳು. ಆ ಪೆಟ್ಟಿಗೆಯಿಂದ ಸೋರಿದ ಕರೆಂಟಿಗೆ ನೆಲಕ್ಕೆ ಇಳಿಯಲು ದಾರಿ ಸಿಗದೆ ಬೇರಿಂಗಿನ ಗುಂಡುಗಳ ಮೂಲಕ ಹಾರುತ್ತಿತ್ತು. ಒಂದೊಂದು ಕಿಡಿಗೆ ಒಂದೊಂದು ಚುಕ್ಕೆ. ಅರ್ಥಿಂಗ್ ಪಟ್ಟಿ ಸರಿಯಾಗಿ ಬಿಗಿದ ಮೇಲೆ ನಿಂತಿತು. ಕಾರಿನಲ್ಲೂ ಅಂಥದೇ ಪೆಟ್ಟಿಗೆ ಇರುತ್ತದೆ. ಮೋಟಾರಿನಿಂದ ಗಾಡಿಯ ಮೈಗೆ ಪಟ್ಟಿ ಇರಲೇಬೇಕು.

ಎರಡು ಮೋಟಾರು ಒಂದೇ ರೀತಿ ಕೆಟ್ಟವು ಎಂದರೆ ತಪ್ಪು ಮೋಟಾರಿನದಲ್ಲ. ಅದು ಕೂತ ಜಾಗದ್ದು. ಫೆಬ್ರವರಿಯಲ್ಲಿ ಬಣ್ಣ ಹೊಡೆದದ್ದು ಮುಂದಿನ ಎಡಭಾಗಕ್ಕೆ ಎಂದು ಬರೆದಿದ್ದೆ. ಪಟ್ಟಿಯ ಬೋಲ್ಟು ಅಲ್ಲೇ ಇದ್ದರೆ, ಅದರ ಕೆಳಗೂ ಬಣ್ಣ ಕೂತಿದ್ದರೆ, ಕರೆಂಟು ಹಾಯುವುದಿಲ್ಲ. ಕಂಪನಿಗೆ ಬರೆದು ಕೊಡು: ಕೆಟ್ಟ ಮೋಟಾರನ್ನು ನಿನ್ನ ಎದುರಿಗೆ ಬಿಚ್ಚಬೇಕು, ಬೇರಿಂಗ್ ತೋರಿಸಬೇಕು, ಪಟ್ಟಿಯ ಬೋಲ್ಟು ಬಿಚ್ಚಿ ನೋಡಬೇಕು. ನೀನು ಏನನ್ನೂ ಮುಟ್ಟಬೇಡ.

ಶೀತಲಳಿಂದ ಮುಖ ತಿರುಗಿಸುವ ಮಾತು ಎಲ್ಲಿಂದ ಬಂತು? ಅವಳು ದಿನಾ ಇಲ್ಲಿ ಚಹಾ ಕುಡಿದೇ ಹೋಗುತ್ತಾಳೆ.

ಮಹಾರುದ್ರಪ್ಪ


ಹುಮನಾಬಾದ್
1 ಜನವರಿ 2025

ಮಹಾರುದ್ರಪ್ಪಣ್ಣನವರಿಗೆ ನಮಸ್ಕಾರ.

ಉತ್ತರ ಬರೆಯಬೇಡ ಎಂದಿರಿ. ಬರೆಯುವುದಿಲ್ಲ. ಆದದ್ದನ್ನು ಮಾತ್ರ ಹೇಳುತ್ತೇನೆ.

ಅರ್ಜಿ ಕೊಟ್ಟ ಎಂಟು ದಿನಕ್ಕೆ ಕಂಪನಿಯ ಹೈದರಾಬಾದ್ ಆಫೀಸಿನಿಂದ ಇಂಜಿನಿಯರ್ ಒಬ್ಬರು ಬಂದರು. ಗೌಹರ ಎಂದು ಹೆಸರು, ಬೀದರಿನವರೇ. ಬಂದವರು ಮೊದಲು ನನ್ನ ಅರ್ಜಿಯನ್ನು ಎರಡು ಸಲ ಓದಿದರು. ಆಮೇಲೆ ಮೋಟಾರು ಬಿಚ್ಚಿಸಿದರು. ನಾನು ಹಿಂದೆ ಕೈ ಕಟ್ಟಿಕೊಂಡು ನಿಂತಿದ್ದೆ. ಬೇರಿಂಗನ್ನು ಕತ್ತರಿಸಿ ದೀಪದ ಕೆಳಗೆ ಹಿಡಿದಾಗ ಗೆರೆಗಳು ಕಂಡವು. ಒಂದೇ ಸಮ. ನೀವು ಬರೆದ ಹಾಗೆಯೇ, ಕೂರಿಗೆಯ ಸಾಲು.

ಆಮೇಲೆ ಅವಿನಾಶ ಗಾಡಿಯ ಕೆಳಗೆ ಇಳಿದು ಪಟ್ಟಿಯ ಬೋಲ್ಟು ಬಿಚ್ಚಿದ. ಅದು ಇದ್ದದ್ದು ಎಡಕ್ಕೇ. ಕೆಳಗೆ ಬಣ್ಣ ದಪ್ಪಗೆ ಕೂತಿತ್ತು. ಮೊದಲ ಸಲ ಮೋಟಾರು ಬದಲಿಸಿದಾಗ ಅದೇ ಬಣ್ಣದ ಮೇಲೆಯೇ ಮತ್ತೆ ಬಿಗಿದಿದ್ದರು. ಬಣ್ಣ ಹೊಡೆದದ್ದು ಅವರದೇ ಸರ್ವಿಸ್ ಸೆಂಟರ್. ವಾರಂಟಿ ಇಲ್ಲ ಎನ್ನಲು ದಾರಿ ಉಳಿಯಲಿಲ್ಲ. ಅವಿನಾಶ ಬೋಲ್ಟು ಕೈಯಲ್ಲಿ ಹಿಡಿದುಕೊಂಡು, “ತಪ್ಪು ನಮ್ಮದೇ ಅದರಿ ಕಾಕಾ” ಎಂದ. ಗಿರಾಕಿಗಳು ಇದ್ದರು. ಎಲ್ಲರ ಎದುರಿಗೇ ಅಂದ. ಅವನ ವಯಸ್ಸು ಇಪ್ಪತ್ತಾರು. ನನಗೆ ಐವತ್ತಕ್ಕೂ ಆಗದ ಕೆಲಸ ಅದು.

ಗೌಹರ ನನ್ನನ್ನು ಕೇಳಿದರು: “ಕಾಕಾ, ಗಾಡಿ ಬಿಚ್ಚದೆ ಇದು ನಿಮಗ ಹ್ಯಾಂಗ ಗೊತ್ತಾತ್ರಿ?”

“ನನಗ ಗೊತ್ತಾಗಿಲ್ರಿ. ಬಸವಕಲ್ಯಾಣದಾಗ ಮಹಾರುದ್ರಪ್ಪ ಅಂತ ಇದ್ದಾರ. ಅವರು ಅಂಗೈ ಇಟ್ಟು ಹೇಳಿದ್ರು” ಎಂದೆ. ಅವರು ನಿಮ್ಮ ಹೆಸರನ್ನು ತಮ್ಮ ವರದಿಯಲ್ಲಿ ಬರೆದುಕೊಂಡರು. ನಾನು ಅಕ್ಷರ ನೋಡಿದೆ, ಸರಿಯಾಗಿಯೇ ಬರೆದಿದ್ದಾರೆ.

ಡಿಸೆಂಬರ್ ಇಪ್ಪತ್ತೆಂಟಕ್ಕೆ ಮೂರನೆಯ ಮೋಟಾರು ಕೂತಿತು. ಬಣ್ಣ ಕೆರೆದು ಬರೀ ಕಬ್ಬಿಣಕ್ಕೆ ಹೊಸ ಪಟ್ಟಿ ಬಿಗಿದರು.

ಇನ್ನೊಂದು ಆದದ್ದು. ಮೊನ್ನೆ ಎಳ್ಳ ಅಮಾವಾಸ್ಯೆಯ ದಿನ ಕೊಹಿನೂರಕ್ಕೆ ಹೋದೆ. ಬಸವಕುಮಾರ ಹೊಲದಲ್ಲಿದ್ದ. ಬೀಗರು, ಅಕ್ಕಪಕ್ಕದವರು ಸೇರಿ ಮೂವತ್ತು ಮಂದಿ ಇರಬೇಕು, ತೊಗರಿಯ ಸಾಲಿನ ಬದಿಗೆ ಊಟಕ್ಕೆ ಕೂತಿದ್ದರು. ನನ್ನನ್ನು ನೋಡಿ ಅವನಿಗೆ ಖುಷಿಯಾಯಿತು. “ಬರ್ರಿ ಬರ್ರಿ, ಸರಿ ಹೊತ್ತಿಗೆ ಬಂದ್ರಿ” ಎಂದು ಎಲೆ ಹಾಕಿಸಿದ. ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ ಬಡಿಸಿದರು. ನಾನು ಕೂಡಲಿಲ್ಲ.

“ಮೊದಲ ಒಂದ್ ಮಾತು ಹೇಳ್ತೀನಿ. ಕೇಳಿದ ಮ್ಯಾಲ ಉಣ್ಣಾಕ ಕೊಡ್ತೀರೋ ಇಲ್ಲೋ ನೀವೇ ನೋಡ್ರಿ” ಎಂದು ನಿಂತುಕೊಂಡೇ ಎಲ್ಲ ಹೇಳಿದೆ. ಸಂದಿ, ಕಾಗದ, ಗುಜರಿ, ಬೇರಿಂಗ್ ಬದಲಿಸಿದೆನೆಂದು ಹೇಳಿದ ಸುಳ್ಳು. ಹೆಣ್ಣುಮಕ್ಕಳು ಬಡಿಸುವುದನ್ನು ನಿಲ್ಲಿಸಿದರು. ಬಸವಕುಮಾರ ಎದ್ದು ನಿಂತ. ಆಮೇಲೆ ಅಂದ: “ಆ ಮೋಟಾರ್ ಹೋಗ್ಲಿ ಬಿಡ್ರಿ, ಈಗ ಅದು ಇಲ್ಲ. ಆದ್ರ ಆ ಹಿರೇರಿಗೆ ಏಳ್ ವರ್ಷ ನಾ ಶರಣು ಅಂದಿಲ್ಲ. ಬಜಾರದಾಗ ಎದುರಿಗೆ ಬಂದ್ರ ಆ ಕಡಿ ನೋಡ್ಕೋತ ಹೋಗೀನಿ. ಅದನ್ನ ಏನ್ ಮಾಡ್ಲಿ?”

ಅವನ ತಾಯಿ ಸಖುಬಾಯಿ, ಮುದುಕಿ, ನನ್ನ ಕೈ ಹಿಡಿದು ಎಲೆಯ ಮುಂದೆ ಕೂಡಿಸಿದಳು. ಉಂಡೆ.

ಸೂರ್ಯಕಾಂತ


ಬಸವಕಲ್ಯಾಣ
2 ಫೆಬ್ರವರಿ 2025

ಸೂರ್ಯಾನಿಗೆ ಶರಣು ಶರಣಾರ್ಥಿ.

ತಡವಾಗಿ ಬರೆಯುತ್ತಿದ್ದೇನೆ. ಕಳೆದ ತಿಂಗಳು ನನಗೆ ಕೆಲಸ ಹೆಚ್ಚಾಗಿತ್ತು. ಯಾಕೆಂದು ಹೇಳುತ್ತೇನೆ.

ಸಂಕ್ರಮಣವಾದ ಎರಡು ದಿನಕ್ಕೆ ಬಸವಕುಮಾರ ಅಂಗಡಿಗೆ ಬಂದ. ಗಿರಾಕಿಗಳ ನಡುವೆ ನಿಂತು ಬಗ್ಗಿ ನನ್ನ ಕಾಲು ಮುಟ್ಟಿದ. ಬಾಯಿ ಆಡುತ್ತಿತ್ತು, ಕಣ್ಣಲ್ಲಿ ನೀರಿತ್ತು. ನನಗೆ ಅಷ್ಟು ಸಾಕಾಯಿತು. ಆಮೇಲೆ ಹೊರಗೆ ಕರೆದುಕೊಂಡು ಹೋಗಿ ಟೆಂಪೊದಲ್ಲಿದ್ದ ಪಂಪಿನ ಮೋಟಾರು ತೋರಿಸಿದ. ತೂಗುವುದನ್ನು ಅಳಿಯನಿಗೆ ಬಿಟ್ಟು ಅಲ್ಲಿಯೇ ಅದರ ಮೇಲೆ ಕೈ ಇಟ್ಟೆ. ಶಾಫ್ಟು ತಿರುಗಿಸಿದೆ. ಹಿಂದಿನ ಬೇರಿಂಗ್ ಹೋಗಿದೆ ಎಂದು ಕೈ ಹೇಳಿತು. ಬಿಚ್ಚಿದೆ, ಹೋಗಿತ್ತು.

ಬಿಚ್ಚಿ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಎಷ್ಟು ಹೊತ್ತು ಕೂತೆನೋ. ಕಸ್ತೂರಿಬಾಯಿ ಬಂದು ನೋಡಿ ಒಳಗೆ ಹೋದಳು.

ಈಗ ಅಂಗಡಿಯ ಹಿಂದಿನ ಕೋಣೆಯಿಂದ ಬೆಲ್ಲದ ಡಬ್ಬಿಗಳನ್ನು ತೆಗೆಸಿದ್ದೇನೆ. ಕೊಹಿನೂರದಿಂದ ಮೂರು ಮೋಟಾರು ಬಂದಿವೆ, ಗೋರ್ಟಾದಿಂದ ಒಂದು. ಬಸವಕುಮಾರ ಮೊದಲು ಒಂದು ಮಾತು ಹಬ್ಬಿಸಿದ್ದ, ಈಗ ಇನ್ನೊಂದು ಹಬ್ಬಿಸುತ್ತಿದ್ದಾನೆ. ಅವನ ಬಾಯಿ ಮೊದಲಿನಿಂದಲೂ ದೊಡ್ಡದು.

ನಿನ್ನೆ ಶೀತಲ ಕಾರು ತಂದಿದ್ದಳು. ತ್ರಿಪುರಾಂತ ಕೆರೆಯ ದಂಡೆಗುಂಟ ಹೋದೆವು. ಅಂಗೈ ಇಟ್ಟೆ, ಅಂಗಾಲು ಇಟ್ಟೆ. ಇಪ್ಪತ್ತು, ನಲವತ್ತು, ಅರವತ್ತು. ಏನೂ ಇಲ್ಲ. ತಿಂಗಳಾದ ಮೇಲೂ ಏನೂ ಇಲ್ಲವೆಂದರೆ ಇನ್ನು ಬರುವುದಿಲ್ಲ. ಅವಳು ಹೆದ್ದಾರಿಯಲ್ಲಿ ಧೈರ್ಯವಾಗಿ ಹೋಗಲಿ.

ನಿನ್ನನ್ನು ಕ್ಷಮಿಸಿದ್ದೇನೆಯೋ ಎಂದು ಅವಳು ಕೇಳಿದಳು, ಹಾಳೆಯ ಮೇಲೆ ಬರೆದು. ಗೊತ್ತಿಲ್ಲ ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಕೆಲವು ದಿನ ಮುಂಜಾನೆ ಎದ್ದಾಗ ಸಿಟ್ಟು ಇರುತ್ತದೆ, ಕೆಲವು ದಿನ ಇರುವುದಿಲ್ಲ. ಇಲ್ಲದ ದಿನಗಳು ಈಗ ಹೆಚ್ಚು.

ಬಂದ ನಾಲ್ಕು ಮೋಟಾರುಗಳಲ್ಲಿ ಎರಡರ ಸುತ್ತು ಸುಟ್ಟಿದೆ. ತಂತಿ ಸುತ್ತುವುದು ನನಗೆ ಮೊದಲಿನಿಂದಲೂ ಬಾರದ ಕೆಲಸ, ಈಗ ಕಣ್ಣೂ ಸೂಕ್ಷ್ಮವಾದದ್ದನ್ನು ಹಿಡಿಯುವುದಿಲ್ಲ. ಇಲ್ಲಿ ಸುತ್ತುವವರು ಒಬ್ಬರಿದ್ದಾರೆ, ಅವರ ಕೆಲಸ ನನ್ನ ಮನಸ್ಸಿಗೆ ಬರಲಿಲ್ಲ. ಬರುವ ಭಾನುವಾರ ನಿನಗೆ ಬಿಡುವಿದ್ದರೆ ಬಾ. ಕಸ್ತೂರಿಬಾಯಿ ಇನ್ನೂ ಬಿಗಿದುಕೊಂಡೇ ಇದ್ದಾಳೆ, ಆದರೆ ನಿನ್ನ ಊಟಕ್ಕೆ ಪುಂಡಿಪಲ್ಯ ಮಾಡುವುದೋ ಬೇಡವೋ ಎಂದು ನಿನ್ನೆ ಎರಡು ಸಲ ಕೇಳಿದಳು. ಮಾಡು ಎಂದೆ.

ಹೇಳಬೇಕಾದದ್ದು ಇನ್ನೂ ಇದ್ದರೆ ಬರೆಯಬೇಡ, ಸೂರ್ಯಾ. ಬಂದು ಬೆಳಕಿರುವ ಕಡೆ ಎದುರಿಗೆ ಕೂತು ಹೇಳು. ನಿಧಾನವಾಗಿ ಹೇಳಿದರೆ ತುಟಿ ನೋಡಿ ನನಗೆ ತಿಳಿಯುತ್ತದೆ.

ನಿನ್ನ
ಮಹಾರುದ್ರಪ್ಪ